ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ಓಎಸ್ (ಆಪರೇಟಿಂಗ್ ಸಿಸ್ಟಮ್): ಗ್ರಬ್ ಇಟ್ಟುಕೊಳ್ಳಲಾ, ರೆಫೈಂಡ್ ಹಾಕಲಾ?

ತುಂಗೆದಂಡೆ:
ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ, ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್. ಅಪ್ಪ ಅಡಿಕೆ ಲೆಕ್ಕ ಬರೆಯುವುದು ವಿಂಡೋಸ್ 11ರಲ್ಲಿ, ನನ್ನ ಪ್ರಾಜೆಕ್ಟ್ ಇರುವುದು ಉಬುಂಟು ಲಿನಕ್ಸ್‌ನಲ್ಲಿ, ಈಗ ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ಕೂಡ ಹಾಕಬೇಕು. ಹೋದ ವಾರ ಆನ್ ಮಾಡಿದರೆ ಯಾವ ಓಎಸ್ ಬೇಕು ಅಂತ ಕೇಳುವ ಗ್ರಬ್ ಮೆನು ಬರಲೇ ಇಲ್ಲ, ನೇರ ವಿಂಡೋಸ್‌ಗೆ ಹೋಯಿತು. ಮೂರಕ್ಕೆ ಗ್ರಬ್ ಸಾಕಾ, ಇದೇ ಕೆಲಸ ಮಾಡುವ ರೆಫೈಂಡ್ ಒಳ್ಳೆಯದಾ? ಸಿಸ್ಟಮ್‌ಡಿ-ಬೂಟ್ ಅಂತಾನೂ ಕೆಲವರು ಹೇಳುತ್ತಾರೆ. ಅಪ್ಪನಿಗೆ ಗೊಂದಲ ಆಗಬಾರದು, ಅದೇ ಮುಖ್ಯ.

ಕಾನುಮನೆ:
ಗಾಬರಿ ಬೇಡ ಮಾರಾಯ, ಗ್ರಬ್ ಎಲ್ಲೂ ಹೋಗಿರುವುದಿಲ್ಲ. ಯುಇಎಫ್‌ಐ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಇರುವ ಕಂಪ್ಯೂಟರ್‌ನಲ್ಲಿ ಓಎಸ್ ಶುರು ಮಾಡುವ ಫೈಲ್‌ಗಳಿಗೆ ಇಎಸ್‌ಪಿ ಅಂತ ಡಿಸ್ಕ್‌ನಲ್ಲಿ ಸಣ್ಣ ಪಾರ್ಟಿಷನ್ ಇರುತ್ತದೆ, ಅದರೊಳಗೆ ಒಂದೊಂದು ಓಎಸ್‌ಗೂ ಅದರದೇ ಫೋಲ್ಡರ್. ಯಾವುದು ಮೊದಲು ಶುರುವಾಗಬೇಕು ಅನ್ನುವ ಬೂಟ್ ಆರ್ಡರ್ ಅದಲುಬದಲಾಗಿರಬೇಕು. ಬಯೋಸ್ (ಅದೇ ಯುಇಎಫ್‌ಐ) ಸೆಟ್ಟಿಂಗ್‌ಗೆ ಹೋಗಿ ಉಬುಂಟುವನ್ನು ಮೇಲೆ ತಂದು ನೋಡು.

ಸಾಗರದ_ಕಡೆಯವ:
ನನ್ನ ಓಟು ರೆಫೈಂಡ್‌ಗೆ. ಗ್ರಬ್ ಬೇರೆ ಓಎಸ್‌ಗಳ ಪಟ್ಟಿಯನ್ನು ಒಂದು ಸಲ ಬರೆದಿಡುತ್ತದೆ, ಅಷ್ಟೇ. ನಾಳೆ ಫೆಡೋರಾಗೆ ಹೊಸ ಕರ್ನಲ್ (ಓಎಸ್‌ನ ತಿರುಳು) ಬಂದರೆ ಉಬುಂಟುವಿನ ಗ್ರಬ್‌ಗೆ ಗೊತ್ತೇ ಆಗುವುದಿಲ್ಲ, ನೀವು ಉಬುಂಟುವಿಗೆ ಹೋಗಿ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸುವ ತನಕ ಮೆನುವಿನಲ್ಲಿ ಹಳೆಯದೇ. ಇನ್ನೊಂದು, 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಮೊದಲೇ ಆಫ್ ಆಗಿರುತ್ತದೆ, ಪಟ್ಟಿಯಲ್ಲಿ ಏನಾದರೂ ಕಾಣದಿದ್ದರೆ ಆ ಸೆಟ್ಟಿಂಗ್ ನೋಡಿ. ರೆಫೈಂಡ್ ಪ್ರತಿ ಸಲವೂ ಹೊಸದಾಗಿ ಹುಡುಕಿ ಚಿತ್ರ ತೋರಿಸುತ್ತದೆ. ಅಪ್ಪ ವಿಂಡೋಸ್ ಚಿತ್ರ ನೋಡಿ ಎಂಟರ್ ಒತ್ತಿದರೆ ಆಯಿತು.

ಕಾನುಮನೆ:
ಅದು ನಿಜ. ಆದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವುದನ್ನು ಮಾತ್ರ ಶುರು ಮಾಡಲು ಬಿಡುವ ಸೆಟ್ಟಿಂಗ್) ಆನ್ ಇದ್ದರೆ ರೆಫೈಂಡ್‌ಗೆ ಕೆಲಸ ಜಾಸ್ತಿ, ಕೀ ಸೇರಿಸಬೇಕು. ಉಬುಂಟು, ಫೆಡೋರಾಗಳ ಗ್ರಬ್‌ಗೆ ಸಹಿಯಾದ ಶಿಮ್ ಅನ್ನುವ ಸಣ್ಣ ಪ್ರೋಗ್ರಾಂ ಜೊತೆಗೇ ಬರುತ್ತದೆ, ಆ ತಲೆನೋವಿಲ್ಲ. ಸಿಸ್ಟಮ್‌ಡಿ-ಬೂಟ್ ಸದ್ಯ ಬಿಡು. ಕರ್ನಲ್‌ಗಳನ್ನು ಸಾಮಾನ್ಯವಾಗಿ ಇಎಸ್‌ಪಿಯಲ್ಲೇ ಇಡಬೇಕು, ವಿಂಡೋಸ್ ಮಾಡಿಕೊಳ್ಳುವ ಇಎಸ್‌ಪಿ ಎಷ್ಟೋ ಕಡೆ 100 ಎಂಬಿ, ಎರಡು ಲಿನಕ್ಸ್‌ಗೆ ಜಾಗ ಸಾಲುವುದಿಲ್ಲ.

ಯಾವುದೇ ಹಾಕು, ಮೊದಲು ವಿಂಡೋಸ್ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡು. ಇದ್ದರೆ ಆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡು. ಸೆಕ್ಯೂರ್ ಬೂಟ್ ಮುಟ್ಟಿದರೆ ಅದನ್ನೇ ಕೇಳಬಹುದು. ಅಪ್ಪನ ಲೆಕ್ಕ ಪೆನ್‌ಡ್ರೈವ್‌ಗೆ ಹಾಕು. ಮಳೆ ಹಿಡಿದರೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ, ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಶುರು ಮಾಡು.

ತುಂಗೆದಂಡೆ:
ಉಬುಂಟು ಎರಡನೇ ಜಾಗದಲ್ಲಿತ್ತು, ಮೇಲೆ ತಂದೆ, ಮೆನು ಬಂತು! ಬಿಟ್‌ಲಾಕರ್ ಆನ್ ಇದೆ, ಕೀ ಬರೆದು ಅಪ್ಪನ ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದೇನೆ. ಸೆಕ್ಯೂರ್ ಬೂಟ್ ಮುಟ್ಟುವುದಿಲ್ಲ, ಹಾಗಾಗಿ ಗ್ರಬ್ಬೇ ಇರಲಿ. ಭಾನುವಾರ ಫೆಡೋರಾ ಹಾಕುತ್ತೇನೆ.