ಮಾವನ ಅಟ್ಟದಲ್ಲಿ ಸಿಕ್ಕಿದ ಬೀಟಲ್ ಸಾಮಾನು: ಗುರುತಿಸುವುದು, ಮಾರುವುದು ಹೇಗೆ?

ಕುಂಬಳೆಯ ಅಳಿಯ:
ನಮಸ್ಕಾರ. ನನ್ನ ಸೋದರಮಾವ ಕುಂಬಳೆಯಲ್ಲಿ ಗ್ಯಾರೇಜ್ ಇಟ್ಟಿದ್ದರು. ಅವರು ತೀರಿಹೋಗಿ ಎರಡು ವರ್ಷ ಆಯಿತು. ಮೊನ್ನೆ ಅತ್ತೆ ಅಟ್ಟ ಗುಡಿಸಿಸುವಾಗ ಮೂರು ಅಡಿಕೆ ಗೋಣಿ ತುಂಬಾ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸಾಮಾನು ಸಿಕ್ಕಿತು. ಫ್ಯಾನ್ ಕೂರುವ ದೊಡ್ಡ ತಗಡಿನ ಗೂಡು ಎರಡು. ಒಂದರ ಬೆನ್ನು ಸಪಾಟು, ಇನ್ನೊಂದರ ಬೆನ್ನಿಗೆ ಪುಟ್ಟ ಪೆಟ್ಟಿಗೆಯಂಥ ಉಬ್ಬು. ಫ್ಯಾನ್ ಎರಡು, ಅದರಲ್ಲಿ ಒಂದು ಅಗಲ ಜಾಸ್ತಿ. ಆಯಿಲ್ ಕೂಲರ್ ಎರಡು. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ಇರುವ, ಹಿತ್ತಾಳೆ ಬಣ್ಣದ ಡಬ್ಬಿ ಮೂರು. ಮತ್ತೆ ಒಂದು ರಾಶಿ ಸಣ್ಣ ತಗಡು. ಗುಜರಿಯವರು ತೂಕಕ್ಕೆ ಕೇಳಿದ್ದಾರೆ. ಅತ್ತೆಗೆ ಮನಸ್ಸಿಲ್ಲ. ಏನು ಮಾಡಲಿ?

ಮುಳ್ಳೇರಿಯದ ಬೀಟಲ್:
ದಯವಿಟ್ಟು ತೂಕಕ್ಕೆ ಕೊಡಬೇಡಿ ಮಾರಾಯ್ರೇ! ಆ ಸಣ್ಣ ತಗಡುಗಳನ್ನಂತೂ ಒಂದನ್ನೂ ಬಿಸಾಡಬೇಡಿ.

ಬೀಟಲ್ ಇಂಜಿನ್ ತಣಿಯುವುದು ನೀರಿನಿಂದಲ್ಲ, ಫ್ಯಾನ್ ಊದುವ ಗಾಳಿಯಿಂದ. ಉಬ್ಬು ಇರುವ ಗೂಡಿಗೆ ಡಾಗ್‌ಹೌಸ್ (ನಾಯಿಗೂಡು) ಅಂತ ಹೆಸರು, 1971ರ ಮಾಡೆಲ್‌ನಿಂದ ಬಂದದ್ದು. ಹಳೆಯದರಲ್ಲಿ ಇಂಜಿನ್ನಿನ ಆಯಿಲ್ ತಣಿಸುವ ಈ ಕೂಲರ್ ಗೂಡಿನ ಒಳಗೇ ನಿಲ್ಲುತ್ತಿತ್ತು. ಅದರ ಬಿಸಿ ಗಾಳಿ ನೇರ ಮೂರನೇ ಸಿಲಿಂಡರ್ ಮೇಲೆ. ಹಾಗಾಗಿ ಕೂಲರನ್ನು ಹಿಂದಕ್ಕೆ ಸರಿಸಿ, ಆ ಉಬ್ಬಿನೊಳಗೆ ಇಟ್ಟರು. ಗಾಳಿ ಸಾಕಾಗಲಿ ಅಂತ ಫ್ಯಾನನ್ನೂ ಅಗಲ ಮಾಡಿದರು. ಆ ಅಗಲದ ಫ್ಯಾನ್ ಹಳೇ ಗೂಡಿಗೆ ಕೂರುವುದಿಲ್ಲ. ಕೂಲರ್‌ನ ಬಿಸಿ ಗಾಳಿಯನ್ನು ಹೊರಗೆ ಕಳಿಸುವ ಸಣ್ಣ ತಗಡು ಬೇರೆ ಉಂಟು, ರಾಶಿಯಲ್ಲಿ ಹುಡುಕಿ. ಗೂಡು, ಫ್ಯಾನ್, ಕೂಲರ್, ಈ ತಗಡು, ನಾಲ್ಕನ್ನೂ ಒಂದೇ ಸೆಟ್ಟಾಗಿ ಮಾರಿ. ಬಿಡಿ ಬಿಡಿ ಕೊಟ್ಟರೆ ಕೊಂಡವರು ಉಳಿದದ್ದಕ್ಕೆ ಊರೆಲ್ಲಾ ಅಲೆಯಬೇಕಾಗುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಗಾಡಿ 1969ರದ್ದು. ಒಬ್ಬ ಮೆಕ್ಯಾನಿಕ್ "ಗಾಳಿ ಚೆನ್ನಾಗಿ ಆಡಲಿ" ಅಂತ ಇಂಜಿನ್ ಸುತ್ತಲಿನ ತಗಡು ಬಿಚ್ಚಿಟ್ಟ. ಆ ತಗಡು ಇಲ್ಲದಿದ್ದರೆ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆಯುತ್ತದೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟುವಷ್ಟರಲ್ಲಿ ಇಂಜಿನ್ ಮಿಸ್ ಹೊಡೆಯತೊಡಗಿತು. ಬಿಚ್ಚಿ ನೋಡಿದರೆ ಮೂರನೇ ಸಿಲಿಂಡರ್‌ನ ವಾಲ್ವ್ ಅಂಚು ಸುಟ್ಟು, ಇಲಿ ಕಚ್ಚಿದ ಹಪ್ಪಳದ ಹಾಗೆ ಆಗಿತ್ತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮಡಿಕೆ ಡಬ್ಬಿ ಥರ್ಮೋಸ್ಟಾಟ್. ತಣ್ಣಗಿದ್ದಾಗ ಗಿಡ್ಡ ಇರಬೇಕು. 65ರಿಂದ 70 ಡಿಗ್ರಿಗೆ ಉದ್ದ ಆಗಿ, ಒಂದು ಕಡ್ಡಿಯ ಮೂಲಕ, ತಣಿಸುವ ಗಾಳಿ ಹೋಗಲು ಗೂಡಿನ ಒಳಗಿನ ಬಾಗಿಲುಗಳನ್ನು ತೆರೆಯುತ್ತದೆ. ತಣ್ಣಗಿರುವಾಗಲೂ ಉದ್ದ ಇದ್ದರೆ ಅದು ಸತ್ತಿದೆ. ಬಿಸಿನೀರಿನ ಪಾತ್ರೆಗೆ ಹಾಕಿ ನೋಡಿ. ಕುದಿಯುವ ನೀರು ಬೇಡ.

ಉಪ್ಪಳದವ:
ಮೇಲಿನವರು ಹೇಳಿದ್ದೆಲ್ಲ ಸರಿ. ಆಯಿಲ್ ಕೂಲರ್ ಮಾರುವಾಗ ಜಾಗ್ರತೆ. ಬೇರಿಂಗ್ ಹೋದ ಇಂಜಿನ್ನಿನದ್ದಾದರೆ ಒಳಗೆ ಲೋಹದ ಪುಡಿ ಇರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಯಾವ ಇಂಜಿನ್ನಿನದ್ದು ಅಂತ ಗೊತ್ತಿಲ್ಲದಿದ್ದರೆ ಹಾಗೇ ಹೇಳಿಬಿಡಿ. ಫ್ಯಾನ್‌ನ ನಡುಭಾಗದಲ್ಲಿ, ಡೈನಮೋ ಷಾಫ್ಟ್ ಕೂರುವಲ್ಲಿ, ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಮಾರಲೇಬೇಡಿ. ತುಕ್ಕಿನ ಮೇಲೆ ಪೇಂಟ್ ಬಳಿಯಬೇಡಿ. ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿಯುವುದೇ, ಅದು ಹಾಗೇ ಫೋಟೋದಲ್ಲಿ ಕಾಣಲಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಪಾರ್ಟ್ ನಂಬರ್ 111 ಅಥವಾ 113ರಿಂದ ಶುರುವಾದರೆ ಬೀಟಲ್‌ನದ್ದೇ.

ಕುಂಬಳೆಯ ಅಳಿಯ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅತ್ತೆ ಗಂಜಿ ಪಾತ್ರೆಯಲ್ಲೇ ನೀರು ಕಾಯಿಸಿ ಕೊಟ್ಟರು. ಎರಡು ಡಬ್ಬಿ ತಣ್ಣಗಿರುವಾಗಲೇ ಉದ್ದ. ಮೂರನೆಯದು ನೀರಲ್ಲಿ ಮೆಲ್ಲ ಚಾಚಿಕೊಂಡಿತು, ಹೊರಗೆ ತೆಗೆದಿಟ್ಟಾಗ ಮತ್ತೆ ಗಿಡ್ಡವಾಯಿತು. ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಆ ಸಣ್ಣ ತಗಡೂ ಸಿಕ್ಕಿತು. ಮುಳ್ಳೇರಿಯ ಅಣ್ಣ, ನಿಮ್ಮ ಗಾಡಿಗೆ ತಗಡು ಏನಾದರೂ ಬೇಕಿದ್ದರೆ ಭಾನುವಾರ ಬನ್ನಿ. ಮೊದಲು ನೀವು ಆರಿಸಿಕೊಳ್ಳಿ ಅಂತ ಅತ್ತೆ ಹೇಳಿದ್ದಾರೆ.