ಎಂಜೈಮ್ ಹಾಕದ ವೆಲ್‌ನಲ್ಲೂ ಬಣ್ಣ ಬರುತ್ತಿದೆ: ಲ್ಯಾಕ್ಟೇಟ್ ಅಳತೆಯ ಪ್ರಶ್ನೆ

ಪ್ರಶ್ನೆ: ಸರ್/ಮೇಡಂ, ಜೀವಕೋಶಗಳ ಲೈಸೇಟ್‌ನಲ್ಲಿ (ಕೋಶಗಳನ್ನು ಒಡೆದ ದ್ರವದಲ್ಲಿ) ಲ್ಯಾಕ್ಟೇಟ್ ಅಳೆಯುತ್ತಿದ್ದೇನೆ. ಕಿಟ್‌ನಲ್ಲಿರುವುದು ಎಲ್‌ಡಿಎಚ್ (ಲ್ಯಾಕ್ಟೇಟ್ ಮೇಲೆ ಕೆಲಸ ಮಾಡುವ ಎಂಜೈಮ್), ಎನ್‌ಎಡಿ (ಆಗ ಎನ್‌ಎಡಿಎಚ್ ಆಗುವ ಸಹಾಯಕ ಅಣು), ಡಬ್ಲ್ಯುಎಸ್‌ಟಿ-8 (ಎನ್‌ಎಡಿಎಚ್ ಇದ್ದಾಗ ಹಳದಿಯಾಗುವ ಬಣ್ಣಕಾರಕ). ಓದುವುದು 450 ನ್ಯಾನೋಮೀಟರ್‌ನಲ್ಲಿ. ಎಂಜೈಮ್ ಬಿಟ್ಟ ಕಂಟ್ರೋಲ್ ವೆಲ್ (ಪ್ಲೇಟ್‌ನ ಗುಳಿ) ಕೂಡ ಹಳದಿಯಾಗುತ್ತಿದೆ. ಅದನ್ನು ಕಳೆದರೆ ಉಳಿಯುವುದು ಅತ್ಯಲ್ಪ. ಕಿಟ್ ಕೆಟ್ಟಿದೆಯೇ?

ಉತ್ತರ: ಕಿಟ್ ಮೇಲೆ ಅನುಮಾನ ಬೇಡ. ಲೈಸೇಟ್‌ನಲ್ಲೇ ಧಾರಾಳವಾಗಿ ಎಲ್‌ಡಿಎಚ್ ಇರುತ್ತದೆ. ನೀವು ಎಂಜೈಮ್ ಬಿಟ್ಟರೂ ಎನ್‌ಎಡಿ ಸಿಕ್ಕಿದ ಕೂಡಲೇ ಅದು ಕೆಲಸ ಶುರು ಮಾಡುತ್ತದೆ. ಹಾಗಾಗಿ ಬ್ಯಾಕ್‌ಗ್ರೌಂಡ್ ಎಂದು ನೀವು ಕಳೆಯುತ್ತಿರುವುದರಲ್ಲಿ ನಿಜವಾದ ಲ್ಯಾಕ್ಟೇಟ್ ಕೂಡ ಸೇರಿದೆ!

ಮೊದಲು 10 ಕೆಡಿಎ (ಕಿಲೋಡಾಲ್ಟನ್, ಅಣುವಿನ ತೂಕದ ಅಳತೆ) ಸ್ಪಿನ್ ಫಿಲ್ಟರ್‌ನಲ್ಲಿ ಸೋಸಿ ನೋಡಿ. ಎಲ್‌ಡಿಎಚ್ ಸುಮಾರು 140 ಕೆಡಿಎ, ದಾಟಲಾರದು. ಸೋಸಿದ ಮೇಲೂ ಬಣ್ಣ ಬಂದರೆ ಸ್ಯಾಂಪಲ್‌ನ ಎನ್‌ಎಡಿಎಚ್ ಅಥವಾ ಬಫರ್‌ನ ಡಿಟಿಟಿಯಂಥ ಅಪಕರ್ಷಕ (ಎಲೆಕ್ಟ್ರಾನ್ ಕೊಡುವ ವಸ್ತು) ಕಾರಣ.

ಪ್ರಶ್ನೆ: ಫಿಲ್ಟರ್ ಬದಲು ಪರ್ಕ್ಲೋರಿಕ್ ಆಮ್ಲ ಬಳಸಬಹುದೇ?

ಉತ್ತರ: ಬಳಸಿ, ನನಗೆ ಅದೇ ಹೆಚ್ಚು ಇಷ್ಟ. ಎಲ್‌ಡಿಎಚ್ ಜೊತೆಗೆ ಎನ್‌ಎಡಿಎಚ್ ಕೂಡ ಆಮ್ಲದಲ್ಲಿ ನಾಶವಾಗುತ್ತದೆ. ತಣ್ಣಗಿನ ಆಮ್ಲ, ಕೊನೆಯ ಸಾಂದ್ರತೆ 1 ಮೋಲಾರ್; ಐಸ್ ಮೇಲೆ 5 ನಿಮಿಷ, ಆಮೇಲೆ ಸೆಂಟ್ರಿಫ್ಯೂಜ್. ಮೇಲಿನ ತಿಳಿಗೆ 2 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸ್ವಲ್ಪಸ್ವಲ್ಪವೇ ಹಾಕಿ ಪಿಎಚ್ 6.5ರಿಂದ 8ಕ್ಕೆ ತನ್ನಿ. ಬಿಳಿ ಪುಡಿಯಂತೆ ಕೂರುವುದು ಪೊಟ್ಯಾಸಿಯಂ ಪರ್ಕ್ಲೋರೇಟ್, ಇನ್ನೊಮ್ಮೆ ತಿರುಗಿಸಿ ತೆಗೆಯಿರಿ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಏನೂ ಕೂರುವುದಿಲ್ಲ. ಸೇರಿಸಿದ ದ್ರವದ ಲೆಕ್ಕವನ್ನು ಡೈಲ್ಯೂಷನ್‌ನಲ್ಲಿ ಹಿಡಿಯಲು ಮರೆಯಬೇಡಿ, ಬಹಳ ಜನ ಎಡವುವುದು ಇಲ್ಲೇ.

ಇನ್ನೊಬ್ಬರ ಪ್ರಶ್ನೆ: ನನ್ನದು ಕಲ್ಚರ್ ಮೀಡಿಯಂ. ರೀಡಿಂಗ್ ಸ್ಟ್ಯಾಂಡರ್ಡ್ ಗೆರೆ (ಗೊತ್ತಿರುವ ಪ್ರಮಾಣಗಳಿಂದ ಎಳೆದ ಅಳತೆಯ ಗೆರೆ) ದಾಟುತ್ತಿದೆ.

ಉತ್ತರ: ಗೆರೆ 0–10 ನ್ಯಾನೋಮೋಲ್ ಇದ್ದರೆ, 15 ಮಿಲಿಮೋಲಾರ್ ಲ್ಯಾಕ್ಟೇಟ್ ಇರುವ ಮೀಡಿಯಂನ ಒಂದೇ ಮೈಕ್ರೋಲೀಟರ್ ಸಾಕು, ಮೀರಿಹೋಗುತ್ತದೆ. ಹತ್ತು ಪಟ್ಟು ತೆಳು ಮಾಡಿ 5 ಮೈಕ್ರೋಲೀಟರ್ ಹಾಕಿ, 7.5 ನ್ಯಾನೋಮೋಲ್ ಬರುತ್ತದೆ. ಸೀರಂನಲ್ಲೂ ಲ್ಯಾಕ್ಟೇಟ್ ಇರುತ್ತದೆ, ಆದ್ದರಿಂದ ಜೀವಕೋಶವಿಲ್ಲದ ಅದೇ ಮೀಡಿಯಂ ಅನ್ನು ಅಷ್ಟೇ ಹೊತ್ತು ಇನ್‌ಕ್ಯುಬೇಟರ್‌ನಲ್ಲಿಟ್ಟು ಅದರ ಅಳತೆಯನ್ನು ಕಳೆಯಿರಿ.

ಮತ್ತೊಬ್ಬರು: ರಕ್ತವಾದರೆ?

ಉತ್ತರ: ಫ್ಲೋರೈಡ್-ಆಕ್ಸಲೇಟ್ ಇರುವ ಬೂದು ಮುಚ್ಚಳದ ಟ್ಯೂಬ್, ಐಸ್, ಆದಷ್ಟು ಬೇಗ ಪ್ಲಾಸ್ಮಾ ಬೇರ್ಪಡಿಸುವುದು. ಗ್ಲೂಕೋಸ್ ಒಡೆಯುವುದನ್ನು ಫ್ಲೋರೈಡ್ ತಡೆಯುತ್ತದೆ, ಆದರೆ ತಕ್ಷಣ ಅಲ್ಲ. ಅಲ್ಲಿಯವರೆಗೆ ಕೆಂಪು ರಕ್ತಕಣಗಳು ಗ್ಲೂಕೋಸ್ ಒಡೆದು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಪ್ಲಾಸ್ಮಾ ಕೆಂಪಾಗಿದ್ದರೆ ಆ ಸ್ಯಾಂಪಲ್ ಬಿಡಿ. ಗ್ಲೌಸ್ ಕಡ್ಡಾಯ, ಬೆರಳಿನ ಬೆವರಿನಲ್ಲೂ ಲ್ಯಾಕ್ಟೇಟ್ ಇದೆ.