ಘನತೆಯಿಂದ ಸಾಯುವ ಹಕ್ಕು: ಈ ಆಯ್ಕೆ ಎಷ್ಟರಮಟ್ಟಿಗೆ ರೋಗಿಯದು?

ತುಂಗಾತೀರ (ಪ್ರಶ್ನೆ)

ಗುಣವಾಗುವ ಭರವಸೆಯಿಲ್ಲದ ರೋಗಿಗಳಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕುರಿತು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದ ಮೇಲೆ ನಮ್ಮ ಮನೆಯಲ್ಲಿ ಈ ವಿಷಯ ಮತ್ತೆ ಮತ್ತೆ ಚರ್ಚೆಗೆ ಬರುತ್ತಿದೆ. ಎಪ್ಪತ್ತು ದಾಟಿದ ನನ್ನ ತಾಯಿಯವರು ಈಗ ಆರೋಗ್ಯವಾಗಿಯೇ ಇದ್ದಾರೆ. ಮುಂದೊಂದು ದಿನ ಪ್ರಜ್ಞೆ ತಪ್ಪಿ, ಚೇತರಿಕೆ ಸಾಧ್ಯವಿಲ್ಲವೆಂದು ವೈದ್ಯರು ಹೇಳುವ ಸ್ಥಿತಿ ಬಂದರೆ ತಮ್ಮನ್ನು ವೆಂಟಿಲೇಟರ್‌ಗೆ ಹಾಕಬಾರದೆಂದು ಲಿವಿಂಗ್ ವಿಲ್ ಬರೆದಿಡಲು ಅವರು ನಿರ್ಧರಿಸಿದ್ದಾರೆ. ಅಣ್ಣನಿಗೆ ಇದು ಒಪ್ಪಿಗೆಯಿಲ್ಲ. "ಅಮ್ಮ ಬರೆದಿಟ್ಟು ಹೋಗುತ್ತಾಳೆ, ಆಸ್ಪತ್ರೆಯಲ್ಲಿ 'ಆಗಲಿ, ತೆಗೆಯಿರಿ' ಎನ್ನಬೇಕಾದವನು ನಾನು" ಎಂಬುದು ಅವನ ವಾದ.

ನನಗಿರುವ ಸಂದೇಹಗಳು ಎರಡು. ವೆಂಟಿಲೇಟರ್ ತೆಗೆದರೂ, ಸಾಯುವಂತೆ ಚುಚ್ಚುಮದ್ದು ಕೊಟ್ಟರೂ ರೋಗಿ ಸಾಯುವುದು ಖಚಿತವೆಂದಾದರೆ, ಒಂದು ಹಕ್ಕಾಗಿ ಇನ್ನೊಂದು ಅಪರಾಧವಾಗುವುದು ಯಾವ ನೀತಿಯ ಆಧಾರದ ಮೇಲೆ? ಇನ್ನು, ತಾಯಿಯವರು ಕೊಡುವ ಕಾರಣ "ನಿಮಗೆ ಹೊರೆಯಾಗಬಾರದು" ಎಂಬುದೊಂದೇ. ಆ ಕಾರಣದಿಂದ ಹುಟ್ಟಿದ ನಿರ್ಧಾರವನ್ನು ಅವರ ಸ್ವಂತ ಆಯ್ಕೆ ಎನ್ನಬಹುದೇ?

ವಕೀಲರು, ದಾವಣಗೆರೆ

ಸುತ್ತೋಲೆ ಬಂದಾಗ ರಾಜ್ಯದಲ್ಲಿ ಬಯಸಿದವರಿಗೆಲ್ಲ ದಯಾಮರಣ ಸಿಗುತ್ತದೆಂದು ಅನೇಕರು ಭಾವಿಸಿದರು. ನಮ್ಮ ಊರಿನ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದರಿಂದ ಇಲ್ಲಿ ಮಾತು ಇನ್ನಷ್ಟು ಹಬ್ಬಿತು. ವಾಸ್ತವದಲ್ಲಿ, ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಸೇರಿಲ್ಲವೆಂದು 1996ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿದ್ದು ಚಿಕಿತ್ಸೆಯನ್ನು ನಿರಾಕರಿಸಿ ಘನತೆಯಿಂದ ಸಾಯುವ ಹಕ್ಕನ್ನು ಮಾತ್ರ. ಮದ್ದು ಕೊಟ್ಟು ಸಾಯಿಸುವುದು ಇಂದಿಗೂ ಕೊಲೆ ಅಥವಾ ದಂಡನೀಯ ನರಹತ್ಯೆಯ ವ್ಯಾಪ್ತಿಗೆ ಬರುತ್ತದೆ. ಸಾಯಲು ನೆರವಾಗುವುದು ಆತ್ಮಹತ್ಯೆಗೆ ಕುಮ್ಮಕ್ಕು ಎನಿಸಿಕೊಳ್ಳುತ್ತದೆ.

ನೀತಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಎರಡರ ಪರಿಣಾಮವೂ ಒಂದೇ ಎಂಬ ನಿಮ್ಮ ಆಕ್ಷೇಪಣೆ ಸರಿಯಾಗಿದೆ, ವೆಂಟಿಲೇಟರ್ ತೆಗೆಯುವುದೂ ಒಂದು ಕ್ರಿಯೆಯೇ, ಹಾಗಾಗಿ 'ಮಾಡುವುದು' ಮತ್ತು 'ಬಿಡುವುದು' ಎಂಬ ಗೆರೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಆದರೆ ಒಪ್ಪಿಗೆಯಿಲ್ಲದೆ ನನ್ನ ಗಂಟಲಿಗೆ ಕೊಳವೆ ಇಳಿಸುವ ಅಧಿಕಾರ ಯಾರಿಗೂ ಇಲ್ಲ. ಬೇಡ ಎನ್ನಲು ನಾನು ಕಾರಣವನ್ನೂ ಕೊಡಬೇಕಾಗಿಲ್ಲ. ಸಾಯಿಸಿರಿ ಎಂದು ಕೇಳುವಾಗ ಮಾತ್ರ ಇನ್ನೊಬ್ಬ ಮನುಷ್ಯ ಅದನ್ನು ಮಾಡಿಕೊಡಬೇಕೆಂಬ ಬೇಡಿಕೆ ಅದರಲ್ಲಿ ಸೇರಿಕೊಳ್ಳುತ್ತದೆ, ಆದ್ದರಿಂದ ಅದು ಕೇವಲ ನನ್ನ ವೈಯಕ್ತಿಕ ಆಯ್ಕೆಯಾಗಿ ಉಳಿಯುವುದಿಲ್ಲ.

ನಿಮ್ಮ ಅಣ್ಣನವರಿಗೂ ಒಂದು ಸಮಾಧಾನವಿದೆ. ನಿರ್ಧಾರದ ಭಾರ ಅವರೊಬ್ಬರ ಮೇಲೆಯೇ ಬೀಳುವುದಿಲ್ಲ. ಆಸ್ಪತ್ರೆಯಲ್ಲಿ ಮೂವರು ವೈದ್ಯರ ಪ್ರಾಥಮಿಕ ಮಂಡಳಿ ಪರಿಶೀಲಿಸಬೇಕು. ಅನಂತರ ಜಿಲ್ಲಾ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಿದ ವೈದ್ಯರಿರುವ ಎರಡನೆಯ ಮಂಡಳಿಯೂ ಒಪ್ಪಬೇಕು, ಆಮೇಲೆ ನ್ಯಾಯಿಕ ದಂಡಾಧಿಕಾರಿಗೆ ವರದಿ ಹೋಗಬೇಕು.

ಶುಶ್ರೂಷಕಿ

ಹಲವು ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಎರಡನೆಯ ಪ್ರಶ್ನೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಮೂಗಿನ ನಳಿಕೆಯನ್ನು ಕಿತ್ತುಕೊಳ್ಳುತ್ತಾರೆಂದು ರೋಗಿಯ ಮಣಿಕಟ್ಟುಗಳಿಗೆ ಹತ್ತಿ ಸುತ್ತಿ, ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟುವ ಕೆಲಸವನ್ನು ನಾನೂ ಮಾಡಿದ್ದೇನೆ. ಕಟ್ಟುವಾಗ ಕೆಲವರು ನಮ್ಮ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅಂಥ ಸ್ಥಿತಿ ತಮಗೆ ಬೇಡವೆಂದು ಒಬ್ಬರು ಮೊದಲೇ ಬರೆದಿಟ್ಟರೆ ಅದನ್ನು ಹೇಡಿತನವೆಂದೋ ಪಾಪವೆಂದೋ ನಾನು ಕರೆಯಲಾರೆ.

ಆದರೆ "ನನ್ನನ್ನು ಸಾಯಿಸಿಬಿಡಿ" ಎಂಬ ಮಾತನ್ನು ಕೇಳಿದ ಕೂಡಲೇ ಅದನ್ನು ನಿರ್ಧಾರವೆಂದು ದಾಖಲಿಸಿಕೊಳ್ಳುವುದಕ್ಕೂ ನಾನು ಸಿದ್ಧಳಿಲ್ಲ. ನೋವಿಗೆ ಸರಿಯಾದ ಪ್ರಮಾಣದ ಮಾರ್ಫಿನ್ ಸಿಕ್ಕ ಮರುದಿನ ಅದೇ ವ್ಯಕ್ತಿ ರಾಗಿ ಗಂಜಿಗೆ ಉಪ್ಪು ಕಡಿಮೆಯಾಯಿತೆಂದು ಸೊಸೆಯ ಮೇಲೆ ಸಿಡುಕಿದ್ದನ್ನು ನೋಡಿದ್ದೇನೆ. 1985ರ ಮಾದಕವಸ್ತು ಕಾಯ್ದೆಯ ಪರವಾನಗಿ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲೇ ಹೆದರುತ್ತಿದ್ದವು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿತಾದರೂ ಸಣ್ಣ ಊರುಗಳಲ್ಲಿ ಅದು ಇಂದಿಗೂ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಂತಹ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ. ರಾಯಚೂರಿನ ಹಳ್ಳಿಯೊಂದರ ಕೂಲಿಕಾರ್ಮಿಕರಿಗೆ ಅದು ಎಷ್ಟು ದೂರ ಎಂಬುದನ್ನು ಯೋಚಿಸಿ ನೋಡಿ. ನೋವು ಶಮನವಾಗುವ ದಾರಿಯೇ ಇಲ್ಲದ ಕಡೆ ಸಾವಿನ ದಾರಿಯನ್ನು ಮಾತ್ರ ತೆರೆದು, ಅದಕ್ಕೆ ಆಯ್ಕೆಯ ಸ್ವಾತಂತ್ರ್ಯವೆಂದು ಹೆಸರಿಡುವುದು ನನಗೆ ಸಮ್ಮತವಿಲ್ಲ.

ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಅವರ ಪ್ರಕರಣ ನಮ್ಮ ವೃತ್ತಿಯವರನ್ನು ಬಹುಕಾಲ ಕಾಡಿತು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಸ್ವತಃ ದಾದಿಯಾಗಿದ್ದ ಅವರು 1973ರ ಹಲ್ಲೆಯಲ್ಲಿ ಮೆದುಳಿಗೆ ತೀವ್ರ ಹಾನಿಯಾದ ನಂತರ, 2015ರ ಮೇ ತಿಂಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಅದೇ ಆಸ್ಪತ್ರೆಯಲ್ಲಿದ್ದರು. ಅವರು ಯಂತ್ರದ ಉಸಿರಾಟದಲ್ಲಿ ವರ್ಷಗಳನ್ನು ಕಳೆದವರಲ್ಲ. ಅವರಿಗೆ ದಾದಿಯರು ಮೆತ್ತಗೆ ಮಾಡಿದ ಅನ್ನ ಉಣ್ಣಿಸುತ್ತಿದ್ದರು, ಹಾಗಾಗಿ ಚಿಕಿತ್ಸೆ ನಿಲ್ಲಿಸುವುದೆಂದರೆ ಆ ತುತ್ತನ್ನೇ ನಿಲ್ಲಿಸಬೇಕಾಗುತ್ತಿತ್ತು. ಹಾಗೆ ನಿಲ್ಲಿಸಬೇಕೆಂದು ಹೊರಗಿನವರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಅವರ ಪರವಾಗಿ ಮಾತನಾಡುವ ಅರ್ಹತೆ ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೇ ಇದೆ ಎಂದಿತು. ಅರುಣಾ ಅವರಿಗೆ ಏನು ಬೇಕಾಗಿತ್ತೆಂಬುದು ಹೊರಗಿನವರಿಗೂ ತಿಳಿಯಲಿಲ್ಲ, ಒಳಗಿನವರಿಗೂ ತಿಳಿಯಲಿಲ್ಲ. ನಿಮ್ಮ ತಾಯಿಯವರು ಬರೆದಿಡುವುದು ಒಳ್ಳೆಯದೆಂದು ನನಗೆ ಅನಿಸುವುದು ಇದರಿಂದಲೇ.

ಯಾರಾ ದಂಡೆಯ ಕನ್ನಡಿಗ

ನಾನಿರುವ ಮೆಲ್ಬರ್ನ್ ನಗರವು ಸೇರಿದ ವಿಕ್ಟೋರಿಯಾ ರಾಜ್ಯದಲ್ಲಿ, ವೈದ್ಯರ ನೆರವಿನಿಂದ ಸಾಯಲು ರೋಗಿಗೆ ಅವಕಾಶ ಕೊಡುವ ಕಾನೂನು 2019ರ ಜೂನ್ 19ರಿಂದ ಜಾರಿಯಲ್ಲಿದೆ. ರೋಗಿಯು ಮೂರು ಬಾರಿ ಕೇಳಬೇಕು, ಅದರಲ್ಲಿ ಒಂದು ಬಾರಿ ಸಾಕ್ಷಿಗಳ ಮುಂದೆ ಬರಹದಲ್ಲಿ. ಕೊನೆಯವರೆಗೂ ಬುದ್ಧಿ ಸ್ಥಿಮಿತದಲ್ಲಿರಬೇಕಾದ್ದರಿಂದ, ಮರೆವಿನ ಕಾಯಿಲೆ ಬಲಿತವರಿಗೆ, ಅವರು ಮೊದಲೇ ಬರೆದಿಟ್ಟಿದ್ದರೂ, ಇದು ಸಿಗುವುದಿಲ್ಲ. ಕಾನೂನು ಜಾರಿಯಾದಾಗ ವೈದ್ಯರು ತಾವಾಗಿ ಈ ವಿಷಯವನ್ನು ಎತ್ತುವಂತೆಯೇ ಇರಲಿಲ್ಲ. ಇಷ್ಟೆಲ್ಲ ಕಟ್ಟುಪಾಡುಗಳಿರುವಾಗ, ಇನ್ನೊಬ್ಬರ ಕೈ ಬೇಕೆಂಬ ಒಂದೇ ಕಾರಣಕ್ಕೆ ವಕೀಲರು ಬಾಗಿಲು ಮುಚ್ಚುವುದು ನನಗೆ ಸರಿಯೆನಿಸುವುದಿಲ್ಲ. ಮನಸ್ಸಿಲ್ಲದ ವೈದ್ಯರು ಹಿಂದೆ ಸರಿಯಬಹುದು, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಹೊರೆಯ ಮಾತಿಗೆ ಬಂದರೆ, ಮಕ್ಕಳ ಓದು, ಮಗಳ ಮದುವೆ, ಮನೆಯ ಸಾಲ ಎಲ್ಲವನ್ನೂ ಮನೆಯವರನ್ನು ಲೆಕ್ಕಕ್ಕಿಟ್ಟುಕೊಂಡೇ ತೀರ್ಮಾನಿಸುವ ನಮ್ಮ ತಾಯಂದಿರ ಆಯ್ಕೆಗಳನ್ನು ಈ ಒಂದು ವಿಷಯದಲ್ಲಿ ಮಾತ್ರ ಅನುಮಾನದಿಂದ ನೋಡುವುದೇಕೆ?

ಶುಶ್ರೂಷಕಿ

ಸಾಲವನ್ನು ಮತ್ತೆ ತೀರಿಸಬಹುದು ಎಂಬ ಕಾರಣಕ್ಕೆ. ಅಲ್ಲದೆ, ಮನೆಯಲ್ಲಿ ಔಷಧದ ಬಿಲ್ಲಿನ ಬಗ್ಗೆ ಮಾತು ಬೆಳೆದ ಸಂಜೆಯೇ "ನನಗೆ ಸಾಕಾಯಿತು" ಎನ್ನುವ ಅಜ್ಜಿಯಂದಿರನ್ನು ತಾವು ನೋಡಿಲ್ಲವೆಂದು ತೋರುತ್ತದೆ.

ಚಿಕ್ಕಬೆಟ್ಟ

ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ಸಲ್ಲೇಖನದಿಂದ, ಅಂದರೆ ಆಹಾರವನ್ನು ತ್ಯಜಿಸಿ ಸಾವನ್ನು ಎದುರುಗೊಳ್ಳುವ ಜೈನ ವ್ರತದಿಂದ, ದೇಹ ಬಿಟ್ಟವರ ಹೆಸರುಗಳು ಸಾಲುಸಾಲಾಗಿವೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಅದನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಈ ಚರ್ಚೆಗೆ ಸಂಬಂಧಿಸಿದ ಒಂದು ಅಂಶ ಹೀಗಿದೆ: ಪರಿಹಾರವಿಲ್ಲದ ರೋಗ, ಮುಪ್ಪು, ಬರಗಾಲಗಳಲ್ಲಿ ಸಲ್ಲೇಖನಕ್ಕೆ ಅವಕಾಶ ಕೊಟ್ಟ ಆಚಾರ್ಯರು, ವ್ರತ ಹಿಡಿದವನಿಗೆ ಇನ್ನೂ ಬದುಕಬೇಕೆಂಬ ಆಸೆಯಷ್ಟೇ ಬೇಗ ಸಾಯಬೇಕೆಂಬ ಆಸೆಯನ್ನೂ ದೋಷವೆಂದು ಎಣಿಸಿದ್ದಾರೆ. ಆದ್ದರಿಂದ ವೈಯಕ್ತಿಕ ಆಯ್ಕೆಯ ಹಕ್ಕಿಗೆ ಸಲ್ಲೇಖನವನ್ನು ಪುರಾವೆಯಾಗಿ ತರುವವರು ಸ್ವಲ್ಪ ತಡೆದು ಯೋಚಿಸಬೇಕು.

ತುಂಗಾತೀರ

ಎಲ್ಲರಿಗೂ ವಂದನೆಗಳು. ಶುಶ್ರೂಷಕಿಯವರ ಮಾತನ್ನು ಓದಿದ ಮೇಲೆ ತಾಯಿಯವರನ್ನು ನೇರವಾಗಿಯೇ ಕೇಳಿದೆ: ಹಣದ ಚಿಂತೆಯೇ ಇಲ್ಲ, ನೋಡಿಕೊಳ್ಳಲು ಜನರಿದ್ದಾರೆ ಎಂದಾದರೆ ಆಗಲೂ ಇದನ್ನೇ ಬರೆಯುತ್ತೀರಾ? ಸ್ವಲ್ಪ ಹೊತ್ತು ಯೋಚಿಸಿ, ವೆಂಟಿಲೇಟರ್ ಆಗಲೂ ಬೇಡ, ಆದರೆ ಬಾಯಿಗೆ ಹಾಕುವ ಅನ್ನ-ನೀರನ್ನು ಮಾತ್ರ ನಿಲ್ಲಿಸಬಾರದು ಎಂದರು. ಇನ್ನೊಂದು ಸಂದೇಹ: ಅವರ ಪರವಾಗಿ ನಿರ್ಧರಿಸುವವರಾಗಿ ಅಣ್ಣನ ಹೆಸರನ್ನು ಬರೆಯಲೇಬೇಕೇ?

ವಕೀಲರು, ದಾವಣಗೆರೆ

ಬರೆಯಲೇಬೇಕೆಂದಿಲ್ಲ. ಇಬ್ಬರನ್ನು ಸೂಚಿಸಬೇಕು. ಹತ್ತಿರದ ಸಂಬಂಧಿ ಯಾರು ಎಂದು ನೋಡುವುದಕ್ಕಿಂತ, ಆ ಹೊತ್ತಿನಲ್ಲಿ ತಾಯಿಯವರ ಮಾತನ್ನು ಹಾಗೆಯೇ ವೈದ್ಯರಿಗೆ ತಲುಪಿಸಬಲ್ಲವರು ಯಾರು ಎಂದು ನೋಡಿರಿ. ಅನ್ನ-ನೀರಿನ ವಿಷಯವನ್ನು ಪ್ರತ್ಯೇಕ ವಾಕ್ಯದಲ್ಲಿ ಬರೆಯಿಸಿರಿ. ಇಬ್ಬರು ಸಾಕ್ಷಿಗಳ ಸಹಿಯ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2023ಕ್ಕೆ ಮುಂಚೆ ಇದ್ದಂತೆ ಈಗ ದಂಡಾಧಿಕಾರಿಯ ಬಳಿ ಹೋಗಬೇಕಾಗಿಲ್ಲ.

ತುಂಗಾತೀರ

ತಾಯಿಯವರು ಮೊದಲ ಹೆಸರಾಗಿ ಅತ್ತಿಗೆಯನ್ನು ಸೂಚಿಸಿದ್ದಾರೆ. ಅಣ್ಣ ಇನ್ನೂ ಒಪ್ಪಿಲ್ಲ, ಆದರೆ ಕರಡನ್ನು ತಾನೂ ಓದಬೇಕೆಂದು ಕೇಳಿ ತೆಗೆದುಕೊಂಡು ಹೋಗಿದ್ದಾನೆ.